ಹಿಮನದಿ ಸರೋವರ ಸ್ಫೋಟ: ನಿಗಾ ಮತ್ತು ಮುನ್ನೆಚ್ಚರಿಕೆಯ ಇತಿಹಾಸ

ಹಿಮನದಿ ಕರಗುತ್ತಾ ಹಿಂದೆ ಸರಿದಂತೆ ಅದು ಹೊತ್ತು ತಂದ ಕಲ್ಲುಮಣ್ಣಿನ ದಿಬ್ಬ ಮುಂದೆ ಉಳಿಯುತ್ತದೆ. ಅದರ ಹಿಂದೆ ನೀರು ನಿಂತು ಸರೋವರವಾಗುತ್ತದೆ. ಮೊರೇನ್ ಎಂಬ ಈ ದಿಬ್ಬ ಯಾರೂ ಕಟ್ಟಿದ ಒಡ್ಡಲ್ಲ. ಎಷ್ಟೋ ಕಡೆ ಅದರ ಹೊಟ್ಟೆಯಲ್ಲೇ ಮಂಜುಗಡ್ಡೆ ಹೂತಿರುತ್ತದೆ. ಮೇಲಿನಿಂದ ಹಿಮವೋ ಬಂಡೆಯೋ ಕುಸಿದು ನೀರಿಗೆ ಬಿದ್ದರೆ ಏಳುವ ಅಲೆ ದಿಬ್ಬವನ್ನು ಹಾರಿ, ಕೊರೆದು, ಒಡೆಯುತ್ತದೆ. ಅಪಾಯದ ಸರೋವರ ಯಾವುದೆಂದು ಗುರುತಿಸುವುದು ಸಾಮಾನ್ಯವಾಗಿ ಕಷ್ಟವಾಗಿಲ್ಲ. ಗುರುತಿಸಿದ ಮೇಲೆ ಕಾವಲನ್ನು ವರ್ಷಾನುಗಟ್ಟಲೆ ಉಳಿಸಿಕೊಳ್ಳುವುದೇ ಕಷ್ಟವಾಗಿದೆ.

ಮೊದಮೊದಲ ಕಾವಲು ಮನುಷ್ಯರದ್ದೇ. ಕಾರಾಕೊರಂನ ಚೊಂಗ್ ಕುಮ್ದನ್ ಹಿಮನದಿ 1920ರ ದಶಕದಲ್ಲಿ ಶ್ಯೋಕ್ ನದಿಗೆ ಅಡ್ಡ ಬೆಳೆದು ಭಾರಿ ಸರೋವರ ಕಟ್ಟಿತು. ಇಲ್ಲಿ ಮೊರೇನ್ ಅಲ್ಲ, ಹಿಮವೇ ಅಣೆಕಟ್ಟು. ಅದು ಒಡೆದರೆ ಸುದ್ದಿಯನ್ನು ಬೆಂಕಿ ಹೊತ್ತಿಸಿ ಒಂದು ನೆಲೆಯಿಂದ ಇನ್ನೊಂದಕ್ಕೆ ದಾಟಿಸುವ ಏರ್ಪಾಡಿತ್ತು. 1929ರ ಆಗಸ್ಟ್‌ನಲ್ಲಿ ಅದು ಒಡೆಯಿತು. ಸಿಂಧೂ ಬಯಲಿಗೆ ನೀರು ಇಳಿಯಲು ದಿನಗಳು ಹಿಡಿಯುತ್ತಿದ್ದುದರಿಂದ ಬೆಂಕಿಯ ಸಂಕೇತಕ್ಕೂ ಒಂದು ಅರ್ಥವಿತ್ತು. ಮೇಲಿನ ಕಣಿವೆಗಳಿಗೆ ಅಂಥ ಬಿಡುವು ಸಿಗುವುದಿಲ್ಲ.

ಪೆರು ದೇಶದ ಹುವಾರಾಸ್ ಪಟ್ಟಣಕ್ಕೆ 1941ರ ಡಿಸೆಂಬರ್ 13ರ ಬೆಳಿಗ್ಗೆ ಬಿಡುವು ಸಿಗಲಿಲ್ಲ. ಪಾಲ್ಕಕೋಚಾ ಸರೋವರ ಒಡೆದು ಊರಿನ ದೊಡ್ಡ ಭಾಗ ಕೊಚ್ಚಿಹೋಯಿತು. ಸತ್ತವರು 1,800 ಎನ್ನುವ ಲೆಕ್ಕವೂ ಇದೆ, 5,000 ಎನ್ನುವುದೂ ಇದೆ. ಸರೋವರಗಳ ಮೇಲೆ ನಿಗಾ ಇಡಲೆಂದೇ ಒಂದು ಸರ್ಕಾರಿ ಆಯೋಗ ಹುಟ್ಟಿದ್ದು 1951ರಲ್ಲಿ, ಅದೂ ಹಿಂದಿನ ವರ್ಷ ಇನ್ನೊಂದು ಸರೋವರ ಒಡೆದು ಜಲವಿದ್ಯುತ್ ಕಾಮಗಾರಿಯನ್ನು ಹಾಳುಮಾಡಿದ ಮೇಲೆ. ಪೆರುವಿನ ಎಂಜಿನಿಯರುಗಳು ಎಚ್ಚರಿಕೆಗಿಂತ ನೀರಿಳಿಸುವುದನ್ನೇ ಹೆಚ್ಚು ನಂಬಿ ಸುರಂಗ ಕೊರೆದರು, ಒಡ್ಡು ಕಟ್ಟಿದರು.

ಹಿಮಾಲಯದಲ್ಲೂ ಆತಂಕಕ್ಕೆ ಕಾರಣವಾದದ್ದು ವಿದ್ಯುತ್ ಯೋಜನೆಯೇ. 1985ರ ಆಗಸ್ಟ್ 4ರಂದು ನೇಪಾಳದ ದಿಗ್ ತ್ಸೋ ಒಡೆದು, ಮುಗಿಯುತ್ತ ಬಂದಿದ್ದ ನಾಮ್ಚೆ ಜಲವಿದ್ಯುತ್ ಯೋಜನೆ ಮತ್ತು 14 ಸೇತುವೆಗಳು ಹೋದವು. 1997ರಲ್ಲಿ ರೋಲ್ವಾಲಿಂಗ್ ಕಣಿವೆಯ ತ್ಸೋ ರೋಲ್ಪಾ ಒಡೆಯುತ್ತದೆಂಬ ಭಯ ಹಬ್ಬಿದಾಗ ಸರ್ಕಾರ ಸೈನಿಕರನ್ನೂ ಪೊಲೀಸರನ್ನೂ ರೇಡಿಯೊ ಕೊಟ್ಟು ನಿಲ್ಲಿಸಿತು, ಕೆಳಗಿನ ಊರುಗಳ ಜನ ಮನೆ ಬಿಟ್ಟರು. ಪ್ರವಾಹ ಬರಲಿಲ್ಲ. ಮರುವರ್ಷ ವಿಶ್ವಬ್ಯಾಂಕಿನ ನೆರವಿನಲ್ಲಿ ದೇಶದ ಮೊದಲ ಸ್ವಯಂಚಾಲಿತ ಮುನ್ನೆಚ್ಚರಿಕೆ ವ್ಯವಸ್ಥೆ ಬಂತು. ಸರೋವರದ ಬಾಯಿಯ ಕೆಳಗೆ ನೀರಿನ ಮಟ್ಟ ಅರಿಯುವ ಸಂವೇದಕಗಳು, ರೋಲ್ವಾಲಿಂಗ್–ತಾಮಾಕೋಶಿ ಕಣಿವೆಯ 17 ಊರುಗಳಲ್ಲಿ 19 ಎಚ್ಚರಿಕೆ ಕೇಂದ್ರಗಳು. ಪ್ರತಿ ಕೇಂದ್ರದಲ್ಲೂ ಕಂಬ, ಸೌರಫಲಕ, ಅನಿಲದ ಒತ್ತಡದಿಂದ ಕೂಗುವ ಹಾರ್ನ್. ಬಾರದ ಪ್ರವಾಹವನ್ನು ಎಷ್ಟು ದಿನ ಕಾಯುತ್ತಾರೆ? 2000ದ ಹೊತ್ತಿಗೆ ಕಾಲುವೆ ತೋಡಿ ನೀರಿನ ಮಟ್ಟವನ್ನು 3 ಮೀಟರ್ ಇಳಿಸಲಾಯಿತು, ಭಯವೂ ಇಳಿಯಿತು. ದುರಸ್ತಿಗೆ ಗತಿಯಿಲ್ಲದೆ, ಬಿಡಿಭಾಗಗಳು ಕಳವಾಗಿ, 2002ರ ವೇಳೆಗೆ ಆ ಹಾರ್ನ್‌ಗಳು ಕೆಟ್ಟು ಕೂತವು.

ಪೆರುವಿನ ಕಾರ್‌ಹುವಾಸ್ ಮೇಲಿನ ‘ಸರೋವರ 513’ರ ಕಥೆ ಇನ್ನೂ ವಿಚಿತ್ರ. ಸುರಂಗದಿಂದ ಮೊದಲೇ ನೀರಿಳಿಸಿದ್ದರಿಂದ 2010ರ ಹಿಮಕುಸಿತದಲ್ಲಿ ಹೆಚ್ಚು ಹಾನಿಯಾಗಲಿಲ್ಲ. ಬಳಿಕ ಸ್ವಿಸ್ ತಜ್ಞರ ಜೊತೆಗೂಡಿ ನೆಲದ ಕಂಪನ ಹಿಡಿಯುವ ಜಿಯೊಫೋನ್, ಕ್ಯಾಮೆರಾ, ಮಳೆಮಾಪಕಗಳನ್ನು ಅಳವಡಿಸಲಾಯಿತು. 2016ರಲ್ಲಿ ಮಳೆ ಕೈಕೊಟ್ಟಿತು. ಈ ಯಂತ್ರಗಳೇ ಮೋಡ ಓಡಿಸುತ್ತಿವೆ ಎಂದು ನಂಬಿದ ರೈತರು ನವೆಂಬರ್‌ನಲ್ಲಿ ಎಲ್ಲವನ್ನೂ ಕಿತ್ತೆಸೆದರು. ಮೂಢನಂಬಿಕೆ ಎಂದು ನಕ್ಕುಬಿಡಬಹುದು. ಆದರೆ ತಮ್ಮ ಹೊಲದ ಮೇಲೆ ಯಾರೋ ನಿಲ್ಲಿಸಿದ ಪೆಟ್ಟಿಗೆ ತಮ್ಮದೆಂದು ಅವರಿಗೆ ಅನ್ನಿಸಿರಲಿಲ್ಲ ಎಂಬುದು ನಿಜ.

ಸಿಕ್ಕಿಂನ ದಕ್ಷಿಣ ಲ್ಹೊನಾಕ್ ಸರೋವರ, ಸಮುದ್ರಮಟ್ಟದಿಂದ ಸುಮಾರು 5,200 ಮೀಟರ್ ಎತ್ತರದ್ದು, ಯಾರ ಕಣ್ಣಿಗೂ ತಪ್ಪಿರಲಿಲ್ಲ. 2013ರಲ್ಲೇ ಇಸ್ರೋದ ದೂರಸಂವೇದಿ ಕೇಂದ್ರದ ವಿಜ್ಞಾನಿಗಳು ಅಪಾಯ ಹೇಳಿದ್ದರು. 2016ರಲ್ಲಿ ಸೋನಂ ವಾಂಗ್‌ಚುಕ್ ತಂಡ ಪೈಪುಗಳಿಂದ ನೀರು ಹೊರಗೆಳೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅನಿಲ್ ಕುಲಕರ್ಣಿ ಅವರೂ ಸೇರಿದ್ದ ತಂಡ 2021ರಲ್ಲಿ, ಒಡೆದರೆ ನೀರು ಹೇಗೆ ಹರಿದೀತೆಂದು ಮಾದರಿ ಕಟ್ಟಿ ತೋರಿಸಿತು. 2023ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಕ್ಯಾಮೆರಾ, ಹವಾಮಾನ ಉಪಕರಣಗಳು ಬಂದವು. ಕೆಳಗೆ ಎಚ್ಚರಿಸುವ ಭಾಗ ಇನ್ನೂ ಆಗಬೇಕಿತ್ತು. ತಿಂಗಳ ಕೊನೆಗೆ ವಿದ್ಯುತ್ ಕಡಿದು ಕ್ಯಾಮೆರಾವೂ ಮೂಕವಾಯಿತು. ಅಕ್ಟೋಬರ್ 3ರ ರಾತ್ರಿ 10 ಗಂಟೆ ದಾಟಿದ ಮೇಲೆ ಪಕ್ಕದ ಹೆಪ್ಪುಗಟ್ಟಿದ ಮೊರೇನ್ ಇಳಿಜಾರಿನಿಂದ 1 ಕೋಟಿ 47 ಲಕ್ಷ ಘನ ಮೀಟರಿನಷ್ಟು ರಾಶಿ ನೀರಿಗೆ ಜಾರಿತು. ಹೊರಬಿದ್ದದ್ದು ಸುಮಾರು 5 ಕೋಟಿ ಘನ ಮೀಟರ್ ನೀರು. ಚುಂಗ್‌ಥಾಂಗ್‌ನಲ್ಲಿ 1,200 ಮೆಗಾವಾಟ್ ತೀಸ್ತಾ-3 ಯೋಜನೆಯ 60 ಮೀಟರ್ ಎತ್ತರದ ಅಣೆಕಟ್ಟು, ಗೇಟು ತೆರೆಯುವ ಮೊದಲೇ ಕೊಚ್ಚಿಹೋಯಿತು. 50ಕ್ಕೂ ಹೆಚ್ಚು ಮಂದಿ ಸತ್ತರು, ಹಲವರು ಸಿಗಲೇ ಇಲ್ಲ.

2024ರಲ್ಲಿ ಕೇಂದ್ರ ಸರ್ಕಾರ ಅರುಣಾಚಲ, ಸಿಕ್ಕಿಂ, ಹಿಮಾಚಲ, ಉತ್ತರಾಖಂಡಗಳಿಗೆ 150 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಕೇಂದ್ರ ಜಲ ಆಯೋಗ 2011ರಿಂದಲೂ 50 ಹೆಕ್ಟೇರಿಗಿಂತ ದೊಡ್ಡದಾದ 477 ಸರೋವರ, ಜಲಾಶಯಗಳನ್ನು ಉಪಗ್ರಹದಿಂದ ನೋಡುತ್ತಿದೆ. ಆದರೆ 2025ರ ಜುಲೈ 8ರಂದು ನೇಪಾಳ–ಚೀನಾ ಗಡಿಯ ರಸುವಾಗಢಿಯಲ್ಲಿ ಮಿತೇರಿ ಸೇತುವೆಯನ್ನು ಕೊಚ್ಚಿದ ನೀರು ಬಂದದ್ದು ಟಿಬೆಟ್ ಕಡೆಯ ಹಿಮನದಿಯ ಬೆನ್ನ ಮೇಲೆ ಕೆಲವೇ ತಿಂಗಳಲ್ಲಿ ಹಿಗ್ಗಿದ್ದ ಸರೋವರದಿಂದ. ಗಡಿಯಾಚೆಯಿಂದ ಕೆಳಗಿನವರಿಗೆ ಯಾವ ಸೂಚನೆಯೂ ಬರಲಿಲ್ಲ.