ಗರ್ಭಿಣಿಯ ಗೃಧ್ರಸಿ: ಓಲೆ ಓದುವವರಿಗೊಂದು ಎಚ್ಚರ

ಬೈಲಹೊಂಗಲ, ಸವದತ್ತಿ ಸೀಮೆಯ ಗರ್ಭಿಣಿಯರನ್ನೂ ಕಾಡುವ, ಟೊಂಕದಿಂದ ಹಿಮ್ಮಡಿಯವರೆಗೆ ಇಳಿಯುವ ನೋವು ವೈದ್ಯಗ್ರಂಥಗಳ ಗೃಧ್ರಸಿಯನ್ನು ಹೋಲುತ್ತದೆ. ಚರಕಸಂಹಿತೆಯು ಗೃಧ್ರಸಿಯನ್ನು 80 ವಾತರೋಗಗಳಲ್ಲಿ ಎಣಿಸಿ, ಚಿಕಿತ್ಸಾಸ್ಥಾನದ 28ನೆಯ ಅಧ್ಯಾಯದಲ್ಲಿ ರಕ್ತ ತೆಗೆಯುವ ಸಿರಾವೇಧವನ್ನೂ ಬಸ್ತಿ, ಅಗ್ನಿಕರ್ಮಗಳನ್ನೂ ವಿಧಿಸುತ್ತದೆ. ಆದರೆ ಸುಶ್ರುತಸಂಹಿತೆಯ ಶಾರೀರಸ್ಥಾನವು ಗರ್ಭಿಣಿಗೆ ಸಿರಾವೇಧವನ್ನು ನಿಷೇಧಿಸಿದೆ. ಆದುದರಿಂದ ಓಲೆಯಲ್ಲಿ ದೊರೆತ ಒಂದು ಚಿಕಿತ್ಸೆಯನ್ನಷ್ಟೇ ಪ್ರತಿಮಾಡಿಕೊಂಡು ಪ್ರಯೋಗಿಸುವುದು ಶಾಸ್ತ್ರಸಮ್ಮತವಲ್ಲ. ರೋಗಪ್ರಕರಣವನ್ನು ಗರ್ಭಿಣೀಪ್ರಕರಣದೊಡನೆ ಕೂಡಿಸಿಯೇ ಓದತಕ್ಕದ್ದು. ಮಧು, ಮದ್ಯ, ಮಾಂಸಗಳನ್ನು ವರ್ಜಿಸಿ ‘ಕಲ್ಯಾಣಕಾರಕ’ವನ್ನು ರಚಿಸಿದ ಉಗ್ರಾದಿತ್ಯಾಚಾರ್ಯರ ಅಹಿಂಸಾದೃಷ್ಟಿಗೂ ಇದೇ ಒಪ್ಪುವುದು. ಮಗ್ಗುಲಾಗಿ ಮಲಗಿ ಮೊಣಕಾಲುಗಳ ನಡುವೆ ದಿಂಬಿಡುವುದು, ಹಗುರವಾಗಿ ನಡೆಯುವುದು ಇಂದಿನ ವೈದ್ಯರ ಸಲಹೆ. ಕಾಲು ಬಲಗುಂದಿದರೆ, ಮೂತ್ರದ ಹಿಡಿತ ತಪ್ಪಿದರೆ, ಓಲೆಯನ್ನು ಕಟ್ಟಿಟ್ಟು ಕೂಡಲೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.