ಕಿವಿ ಕೇಳದ ಮಕ್ಕಳ ವಿದ್ಯೆಯೂ ಆತ್ಮಗೌರವವೂ

ಗುರುವು ಹೇಳುವನು, ಶಿಷ್ಯನು ಕೇಳಿ ಮರಳಿ ಹೇಳುವನು. ನಮ್ಮ ಪಾಠಶಾಲೆಗಳಲ್ಲಿ ವಿದ್ಯೆಯು ಕಿವಿಯ ದ್ವಾರದಿಂದಲೇ ಪ್ರವೇಶಿಸುವುದೆಂಬುದು ಭಕ್ತಮಹಾಶಯರಿಗೆ ವಿದಿತವೇ ಆಗಿದೆ. ಹೀಗಿರಲು ಕಿವಿ ಕೇಳದ ಮಗುವಿಗೆ ಅಲ್ಲಿ ಎಡೆಯೆಲ್ಲಿ? ಮನುಸ್ಮೃತಿಯಾದರೋ ಹುಟ್ಟುಗಿವುಡನಿಗೆ ಪಿತ್ರಾರ್ಜಿತದ ಪಾಲನ್ನೇ ನಿರಾಕರಿಸಿತು. 1956ರ ಹಿಂದೂ ಉತ್ತರಾಧಿಕಾರ ಶಾಸನವು ಅಂತಹ ಅನರ್ಹತೆಗೆ ಅವಕಾಶವನ್ನುಳಿಸಲಿಲ್ಲ. ಪಾಲೂ ಪಾಠವೂ ಇಲ್ಲದವನು ತನ್ನನ್ನು ತಾನೇ ಹೀನನೆಂದು ಬಗೆದುದರಲ್ಲಿ ಆಶ್ಚರ್ಯವೇನು?

1901ರಲ್ಲಿ ಮೈಸೂರಿನಲ್ಲಿ ಕಿವುಡರಿಗೂ ಕುರುಡರಿಗೂ ಒಂದು ಪಾಠಶಾಲೆಯು ಸ್ಥಾಪಿತವಾಯಿತು. ಮಂಡ್ಯ ಜಿಲ್ಲೆಯು 1939ರಲ್ಲಿ ಪ್ರತ್ಯೇಕವಾಗುವವರೆಗೆ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಗಳು ಮೈಸೂರು ಜಿಲ್ಲೆಗೇ ಸೇರಿದ್ದುದರಿಂದ ಅದು ಅವುಗಳ ಸ್ವಂತ ಜಿಲ್ಲೆಯ ಶಾಲೆಯೇ ಆಗಿತ್ತು. ಮದ್ದೂರು, ಮಂಡ್ಯಗಳವರಿಗೆ ರೈಲುದಾರಿಯುಂಟು. ಮಳವಳ್ಳಿಯವರಿಗೆ ಅದೂ ಇಲ್ಲ. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರಾದುದರಿಂದ ಅಲ್ಲಿ ಓದಬೇಕಾದ ಎಳೆಯ ಮಗುವು ತಾಯಿಯ ಮಡಿಲನ್ನು ಅಗಲಲೇಬೇಕಾಗಿತ್ತು.

ಬೋಧನಕ್ರಮದಲ್ಲಿಯೂ ವಿವಾದವಿದ್ದಿತು. 1880ರಲ್ಲಿ ಇಟಲಿಯ ಮಿಲಾನಿನಲ್ಲಿ ನೆರೆದ ಉಪಾಧ್ಯಾಯರ ಸಮ್ಮೇಳನವು ಕೈಸನ್ನೆಯನ್ನು ತಳ್ಳಿ ಬಾಯಿಮಾತನ್ನೇ ಎತ್ತಿಹಿಡಿಯಿತು. 2010ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಕೂಡಿದ ಅದೇ ಪರಂಪರೆಯ ಸಮ್ಮೇಳನವು ಆ ನಿರ್ಣಯಗಳನ್ನು ತಿರಸ್ಕರಿಸಿ ವಿಷಾದಿಸಿತು. ಮಗುವಿನ ಭಾಷೆಯನ್ನು ಹಳಿದರೆ ಮಗುವನ್ನೇ ಹಳಿದಂತೆ ಎಂಬುದನ್ನರಿಯಲು 130 ವರ್ಷಗಳು ಬೇಕಾದವು!

1965ರಲ್ಲಿ ಮೈಸೂರಿನಲ್ಲಿ ವಾಕ್ ಶ್ರವಣ ಸಂಸ್ಥೆಯು ಹುಟ್ಟಿತು. 1974ರಲ್ಲಿ ಕೇಂದ್ರಸರ್ಕಾರವು ಸಾಮಾನ್ಯ ಶಾಲೆಗಳಲ್ಲಿಯೇ ಇಂತಹ ಮಕ್ಕಳನ್ನು ಓದಿಸುವ ಯೋಜನೆಯನ್ನು ಹೂಡಿತು. 2016ರ ಶಾಸನವು ಅದನ್ನು ಹಕ್ಕಾಗಿ ದೃಢಪಡಿಸಿತು. ಈಗ ತಂದೆತಾಯಿಗಳ ಮುಂದೆ ಎರಡು ದಾರಿಗಳಿವೆ. ವಿಶೇಷ ಶಾಲೆಯಲ್ಲಿ ತನ್ನಂತಹವರ ಒಡನಾಟವೂ ಸನ್ನೆಯ ಸಲ್ಲಾಪವೂ ದೊರೆಯುವುವು, ಆದರೆ ಊರು ದೂರವಾಗುವುದು. ಊರಶಾಲೆಯಲ್ಲಿ ಮನೆಯ ಅನ್ನವೂ ನೆರೆಯ ಗೆಳೆಯರೂ ಉಂಟು, ಆದರೆ ಉಪಾಧ್ಯಾಯರು ಹಲಗೆಯ ಕಡೆಗೆ ತಿರುಗಿ ಮಾತನಾಡಿದೊಡನೆ ಮಗುವು ಗುಂಪಿನ ನಡುವೆಯೇ ಒಂಟಿಯಾಗುವುದು. ಆದಕಾರಣ ಕಟ್ಟಡದ ಹೆಸರಿಗಿಂತ, ಅಲ್ಲಿ ಮಗುವಿಗೆ ತಿಳಿಯುವ ಭಾಷೆಯೂ ಕೂಡಿ ಆಡುವ ಸಂಗಾತಿಯೂ ಇರುವುದೇ ಮುಖ್ಯವೆಂದು ನಮಗೆ ತೋರುತ್ತದೆ.

ಕಡೆಗೊಂದು ಬಿನ್ನಹ. ಇಂತಹ ಮಕ್ಕಳನ್ನು ‘ಮೂಗ’ ಎಂದು ಕರೆಯುವ ರೂಢಿಯುಂಟು. ಅವರಲ್ಲಿ ಬಹುಮಂದಿಯ ಕಂಠದಲ್ಲಿ ದೋಷವಿಲ್ಲ. ಮಾತು ಕಿವಿಗೆ ಬೀಳದುದರಿಂದ ನಾಲಗೆಗೆ ಬಾರದು, ಅಷ್ಟೆ. ಶಾಲೆಯು ಎಲ್ಲಿಯೇ ಇರಲಿ, ಆ ಮಗುವು ಸಂಜೆ ಮರಳುವುದು, ಇಲ್ಲವೆ ರಜೆಗೆ ಬರುವುದು, ನಮ್ಮ ಬೀದಿಗೇ. ಅದನ್ನು ಅದರ ಹೆಸರಿನಿಂದ ಗುರುತಿಸಿ, ಎದುರು ನಿಂತು, ಮುಖ ನೋಡಿ ಮಾತನಾಡಿಸುವುದು ನಮ್ಮೆಲ್ಲರ ಕೈಯಲ್ಲಿಯೇ ಇದೆ.