ವೈದ್ಯಕೀಯ ಸಾಧನಗಳ ಕ್ಲೀನ್‌ರೂಮ್‌ನಲ್ಲಿ ಯಂತ್ರ ನಿರ್ವಹಣೆ

ಕ್ಲೀನ್‌ರೂಮ್ ಎಂಬುದು ಗಾಳಿಯಲ್ಲಿನ ಕಣಗಳ ಸಂಖ್ಯೆಯನ್ನು ನಿಗದಿತ ಮಿತಿಯೊಳಗೆ ಇರಿಸುವ ಕೊಠಡಿ. ಕ್ಯಾತಿಟರ್, ಸ್ಟೆಂಟ್ ಮೊದಲಾದ ವೈದ್ಯಕೀಯ ಸಾಧನಗಳು ಇಂತಹ ಕೊಠಡಿಗಳಲ್ಲಿ ತಯಾರಾಗುತ್ತವೆ. ಐಎಸ್‌ಒ 14644-1 ಮಾನದಂಡದ 7ನೇ ವರ್ಗದಲ್ಲಿ, 0.5 ಮೈಕ್ರೋಮೀಟರ್ ಹಾಗೂ ಅದಕ್ಕಿಂತ ದೊಡ್ಡ ಕಣಗಳ ಸಂಖ್ಯೆ ಒಂದು ಘನ ಮೀಟರ್ ಗಾಳಿಯಲ್ಲಿ 3,52,000ವನ್ನು ಮೀರುವಂತಿಲ್ಲ.

ಯಂತ್ರಗಳ ದುರಸ್ತಿಯೇ ಇಲ್ಲಿ ಮಾಲಿನ್ಯಕ್ಕೆ ಕಾರಣವಾಗಬಲ್ಲದು. ತಂತ್ರಜ್ಞರ ಚರ್ಮ, ಉಡುಪು ಮತ್ತು ಸಲಕರಣೆಗಳಿಂದ ಕಣಗಳು ಉದುರುತ್ತವೆ. ನಂತರದ ಕ್ರಿಮಿಶುದ್ಧೀಕರಣವು ಸೂಕ್ಷ್ಮಜೀವಿಗಳನ್ನು ನಾಶಪಡಿಸುತ್ತದೆಯೇ ಹೊರತು ಈ ಕಣಗಳನ್ನು ತೆಗೆಯುವುದಿಲ್ಲ. ಅವು ಸಾಧನದೊಂದಿಗೆ ರೋಗಿಯ ದೇಹವನ್ನು ಸೇರಬಹುದು. ಆದ್ದರಿಂದ ನಿರ್ವಹಣಾ ಕಾರ್ಯವನ್ನು ಸಾಧ್ಯವಾದಷ್ಟು ಉತ್ಪಾದನೆ ಇಲ್ಲದ ವೇಳೆಯಲ್ಲಿ ನಡೆಸಿ, ಸ್ಥಳವನ್ನು ಶುಚಿಗೊಳಿಸಿದ ಬಳಿಕವೇ ಉತ್ಪಾದನೆಯನ್ನು ಪುನರಾರಂಭಿಸಲಾಗುತ್ತದೆ. ಐಎಸ್‌ಒ 13485:2016ರ ಪ್ರಕಾರ, ಇಂತಹ ಪರಿಸರದಲ್ಲಿ ತಾತ್ಕಾಲಿಕವಾಗಿ ಕೆಲಸ ಮಾಡುವವರೂ ಅರ್ಹತೆಯುಳ್ಳವರಾಗಿರಬೇಕು ಅಥವಾ ಅರ್ಹ ವ್ಯಕ್ತಿಯ ಮೇಲ್ವಿಚಾರಣೆಯಲ್ಲಿರಬೇಕು.